ನಿಷಿಧಿಯೋ, ವೀರಗಲ್ಲೋ?

ಮಡಿದವರ ನೆನಪಿಗಾಗಿ ಕನ್ನಡ ನಾಡು ನೆಟ್ಟ ಕಲ್ಲುಗಳಲ್ಲಿ ಎರಡು ಬಗೆಯವು ಶ್ರಾವಕರಿಗೆ ಚಿರಪರಿಚಿತವಾದವು. ವ್ರತನಿಷ್ಠರಾಗಿ ದೇಹವನ್ನು ತ್ಯಜಿಸಿದವರಿಗೆ ನಿಷಿಧಿ. ತುರುಗೋಳಿನಲ್ಲೋ ಊರಳಿವಿನಲ್ಲೋ ಕಾದಿ ಬಿದ್ದವರಿಗೆ ವೀರಗಲ್ಲು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಮೊದಲನೆಯದನ್ನು ಓದಿ ಬಂದ ಶಿರೂರು, ಬಾದಾಮಿ, ಐಹೊಳೆಗಳ ಕಡೆಯ ಯಾತ್ರಿಕನಿಗೆ ಎರಡನೆಯದು ತನ್ನ ಸೀಮೆಯಲ್ಲೇ ಕಾಣಸಿಗುತ್ತದೆ. ಒಂದು ಉಪಶಮದ ಮರಣ, ಇನ್ನೊಂದು ರೋಷದ ಮರಣ. ಇವೆರಡರಲ್ಲಿ ಯಾವುದಕ್ಕೂ ಒಗ್ಗದ ಮರಣವೊಂದು ಎದುರಾದಾಗ ಧರ್ಮವಿಚಾರ ಮಾಡುವವನು ಏನು ಹೇಳಬೇಕು? ದೂರದೇಶದ ಒಂದು ವೃತ್ತಾಂತ ಈ ಪ್ರಶ್ನೆಯನ್ನು ಎತ್ತುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಕಡಲಂಚಿನಲ್ಲಿ ಸೇಂಟ್ ಸೈಮನ್ಸ್ ಎಂಬ ದ್ವೀಪವಿದೆ. 1803ರ ಮೇ ತಿಂಗಳಲ್ಲಿ, ಇಂದಿನ ನೈಜೀರಿಯಾ ದೇಶದ ಇಗ್ಬೊ ಜನಾಂಗಕ್ಕೆ ಸೇರಿದ ಸುಮಾರು 75 ಮಂದಿ ಸೆರೆಯಾಳುಗಳನ್ನು ಸವಾನಾ ಪಟ್ಟಣದಲ್ಲಿ ಕೊಂಡು, ಹಡಗಿನಲ್ಲಿ ಆ ದ್ವೀಪಕ್ಕೆ ಸಾಗಿಸಲಾಗುತ್ತಿತ್ತು. ಜಾನ್ ಕೂಪರ್, ಥಾಮಸ್ ಸ್ಪಾಲ್ಡಿಂಗ್ ಎಂಬ ಇಬ್ಬರು ತೋಟದೊಡೆಯರ ಪರವಾಗಿ ನಡೆದ ಖರೀದಿ ಅದು. ತಲೆಯೊಂದಕ್ಕೆ ಬಿದ್ದ ಬೆಲೆ ಸುಮಾರು 100 ಡಾಲರು. ದಾರಿಯಲ್ಲಿ ಸೆರೆಯಾಳುಗಳು ತಿರುಗಿಬಿದ್ದರು, ಕಾವಲಿನವರು ನೀರುಪಾಲಾದರು, ಹಡಗು ಡನ್‌ಬಾರ್ ಎಂಬ ತೊರೆಯಲ್ಲಿ ನೆಲ ಕಚ್ಚಿತು. ದಡಕ್ಕೆ ಹೋದರೆ ತೋಟ, ಚಾಟಿ, ಸಂಕಲೆ. ಅವರು ದಡಕ್ಕೆ ಹೋಗದೆ ಜೌಗಿನ ನೀರಿಗೆ ನಡೆದರು. ಹಾಡುತ್ತ ನಡೆದರೆಂದು ಆ ದ್ವೀಪದ ಆಫ್ರಿಕ ಮೂಲದ ಮನೆತನಗಳಲ್ಲಿ ಹೇಳಿಕೆಯಿದೆ. ಹತ್ತಕ್ಕೂ ಹೆಚ್ಚು ಹೆಣಗಳು ಸಿಕ್ಕವು. ಬದುಕಿ ಸಿಕ್ಕವರನ್ನು ಹಿಡಿದು ತೋಟಗಳಿಗೆ ಒಯ್ದರು.

ಅವರು ಮುಳುಗಲೇ ಇಲ್ಲ, ರೆಕ್ಕೆ ಮೂಡಿ ಕಡಲ ಮೇಲೆ ಹಾರಿ ತಾಯ್ನಾಡು ಸೇರಿದರು ಎಂಬ ಕಥೆಯೂ ಮುಂದೆ ಬೆಳೆಯಿತು. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು ಇರುವುದನ್ನು ಬಲ್ಲ ಕನ್ನಡಿಗರಿಗೆ ಈ ಕಥೆ ವಿಚಿತ್ರವೆನಿಸದು. ಕಲ್ಲು ನೆಡುವ ಅಧಿಕಾರವಿಲ್ಲದ ಜನ ಬಾಯಿಯಲ್ಲೇ ಕಲ್ಲು ನೆಟ್ಟರು. ಬಾಗಲಕೋಟೆ ಜಿಲ್ಲೆಯ ಹಲಗಲಿಯಲ್ಲಿಯೂ ಇಂಥದೇ ನಡೆಯಿತಲ್ಲವೇ? 1857ರಲ್ಲಿ ಆಯುಧಗಳನ್ನು ಒಪ್ಪಿಸೆಂಬ ಆಜ್ಞೆಯನ್ನು ಧಿಕ್ಕರಿಸಿದ ಬೇಡರ ಊರನ್ನು ಆಂಗ್ಲ ಸೇನೆ ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಆದರೂ ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಲಾವಣಿ ಉಳಿಸಿಕೊಟ್ಟಿತು. ಇಗ್ಬೊಗಳ ಕಥೆ ಉಳಿಯಿತು, ಹೆಸರು ಉಳಿಯಲಿಲ್ಲ.

ಇನ್ನು ಪ್ರಶ್ನೆಗೆ ಬರಬಹುದು. ಆ ನೀರಿಗೆ ನಡೆದವರ ಮರಣ ಯಾವ ಬಗೆಯದು? ಪ್ರತೀಕಾರವಿಲ್ಲದ ಉಪಸರ್ಗ ಬಂದೊದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಸಂಕಲೆಗಿಂತ ದೊಡ್ಡ ಉಪಸರ್ಗ ಯಾವುದು? ಅವರಿಗೆ ಪ್ರತೀಕಾರದ ದಾರಿಯಾದರೂ ಎಲ್ಲಿತ್ತು? ಹೀಗೆಂದು ಅವರಿಗೆ ನಿಷಿಧಿಯನ್ನು ನೆಡಲು ಮನಸ್ಸು ಹಾತೊರೆಯುತ್ತದೆ. ಆದರೆ ಅದೇ ಆಚಾರ್ಯರು ಸ್ನೇಹವನ್ನೂ ವೈರವನ್ನೂ ತೊರೆದು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದಲೂ ಕ್ಷಮೆ ಬೇಡಿ, ಕ್ರಮಕ್ರಮವಾಗಿ ಆಹಾರವನ್ನು ಬಿಡಬೇಕೆಂದಿದ್ದಾರೆ. ಆಗತಾನೆ ಕಾವಲಿನವರು ಮುಳುಗಿದ ನೀರು ಅದು. ನಡೆದವರ ಎದೆಯಲ್ಲಿ ಊರಿನ ಹಂಬಲವಿತ್ತು, ಒಡೆಯರ ಮೇಲಣ ರೋಷವಿತ್ತು, ಇರಲೇಬೇಕು, ಮನುಷ್ಯರಲ್ಲವೇ! ಅದನ್ನು ಸಲ್ಲೇಖನವೆನ್ನುವುದು ಔದಾರ್ಯದಂತೆ ತೋರಿದರೂ ಅವರ ಮರಣವನ್ನು ಅವರಿಂದ ಕಸಿದು ತನ್ನದಾಗಿಸಿಕೊಳ್ಳುವ ಕೆಲಸವೇ ಆದೀತು. ವ್ರತವೆಂದರೆ ಬೇರೆ ದಾರಿಯಿದ್ದವನು ಆರಿಸಿಕೊಳ್ಳುವುದು. ಅವರಿಗೆ ಉಳಿದದ್ದು ದಡ ಅಥವಾ ನೀರು.

ಹಾಗಾದರೆ ಆತ್ಮಹತ್ಯೆಯೇ? ಈ ಮಾತನ್ನು ಆಡುವ ಮೊದಲು ಜೈನ ಸಮಾಜ ತನಗಾದ ನೋವನ್ನು ನೆನೆಯಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಹೊರಗೆ ನಿಂತವನು ಇನ್ನೊಬ್ಬರ ಮರಣಕ್ಕೆ ಹೆಸರಿಡುವುದು ಎಷ್ಟು ಸುಲಭ, ಆ ಹೆಸರು ಎಷ್ಟು ಚುಚ್ಚುತ್ತದೆ ಎಂಬುದು ಆ ದಿನಗಳಲ್ಲಿ ಬೀದಿಗಿಳಿದು ಮೌನ ಮೆರವಣಿಗೆಯಲ್ಲಿ ನಡೆದವರಿಗೆ ಗೊತ್ತು.

ವೀರಗಲ್ಲೂ ಸರಿಹೊಂದದು. ವೀರಗಲ್ಲಿನ ವೀರ ಬಹುಮಟ್ಟಿಗೆ ಜೋಳವಾಳಿಯ ಋಣವನ್ನು ತೀರಿಸಿದವನು. ಒಡೆಯನ ಅನ್ನವುಂಡು ಒಡೆಯನಿಗಾಗಿ ಸತ್ತವನು. ಇಗ್ಬೊಗಳಿಗೆ ಯಾರ ಜೋಳದ ಋಣವೂ ಇರಲಿಲ್ಲ. ಕಾವಲಿನವರ ಸಾವನ್ನು ಕೊಂಡಾಡುವುದೂ ಅಹಿಂಸೆಯನ್ನು ನಂಬಿದವನಿಂದ ಆಗದ ಮಾತು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಪರಿಪಾಠದಲ್ಲಿ ಸೆರೆಯಾಳಿನ ಹೊಡೆತಕ್ಕೆ ವಿರೋಧಿ ಹಿಂಸೆಯೆಂಬ ಸ್ಥಾನ ಸಿಕ್ಕೀತು. ಅದು ಸ್ಥಾನವೇ ಹೊರತು ಪ್ರಶಂಸೆಯಲ್ಲ. ಆದರೆ ಚರ್ಚೆ ಬಹುತೇಕ ಇಲ್ಲಿಗೇ ನಿಂತುಬಿಡುತ್ತದೆ. ಎದ್ದವನ ಹಿಂಸೆಯನ್ನು ತೂಗುವ ತಕ್ಕಡಿಯಲ್ಲಿ ಕಟ್ಟಿಹಾಕಿದವನನ್ನು ಕೂರಿಸುವುದನ್ನು ಮರೆಯಲಾಗುತ್ತದೆ. ಕೂಪರನ ಕಡೆಯವನು ತನ್ನದು ವ್ಯಾಪಾರ, ಅದರಲ್ಲಿ ಒಂದಿಷ್ಟು ನೋವು ಅನಿವಾರ್ಯ ಎಂದಾನು; ಅಂದರೆ ಉದ್ಯೋಗಿ ಹಿಂಸೆಯ ನೆರಳನ್ನು ಹುಡುಕಿಯಾನು. ಅದು ನಿಲ್ಲದು. ಕೃಷಿಕನ ನೇಗಿಲಿಗೆ ಸಿಕ್ಕು ಹುಳು ಸಾಯುವುದು ಉದ್ದೇಶಿತವಲ್ಲ. ಸೆರೆಯಾಳಿನ ಕಾಲಿಗೆ ಸಂಕಲೆ ಹಾಕುವುದು ಉದ್ದೇಶವೇ. ಅದು ಸಂಕಲ್ಪಿ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಗುಲಾಮರ ಹಡಗನ್ನೇ ಕಂಡು ಬರೆದಂತಿದೆ ಈ ಪಟ್ಟಿ. ಆದರೆ ಅದೇ ಗ್ರಂಥವು ಪರಿಗ್ರಹ ಪರಿಮಾಣವನ್ನು ಹೇಳುವಾಗ ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯಗಳ ಸಾಲಿನಲ್ಲಿ ದಾಸಿಯರನ್ನೂ ದಾಸರನ್ನೂ ಎಣಿಸಿದೆ. ವ್ರತಿಯಾದವನು ಎಷ್ಟು ಮಂದಿಯನ್ನು ಇಟ್ಟುಕೊಳ್ಳಬಹುದೆಂಬುದಕ್ಕೆ ಮಿತಿ ಹಾಕಿಕೊಳ್ಳಬೇಕು. ಇಟ್ಟುಕೊಳ್ಳುವುದನ್ನೇ ಆ ಸೂತ್ರ ಪ್ರಶ್ನಿಸಲಿಲ್ಲ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಎರಡು ಕಾಲಿನ, ನಾಲ್ಕು ಕಾಲಿನ ಜೀವಿಗಳ ಮಾರಾಟವನ್ನು ಶ್ರಾವಕನಿಗೆ ವರ್ಜ್ಯವಾದ ವ್ಯಾಪಾರಗಳಲ್ಲಿ ಸೇರಿಸಿದರು. ಮಾರುವುದಕ್ಕೆ ನಿಷೇಧ, ಇಟ್ಟುಕೊಳ್ಳುವುದಕ್ಕೆ ಮಿತಿ: ಈ ನಡುವಣ ಬಿರುಕನ್ನು ಮುಚ್ಚಿಟ್ಟು ಜಾರ್ಜಿಯಾದ ತೋಟದೊಡೆಯನತ್ತ ಬೆರಳು ತೋರುವುದು ಪ್ರಾಮಾಣಿಕವಾಗದು. ಮಹಾವೀರಸ್ವಾಮಿಯು ಆಹಾರ ಸ್ವೀಕರಿಸಿದ್ದು ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆಯಲ್ಲಿ ಬಂಧನದಲ್ಲಿದ್ದ ಚಂದನೆಯ ಕೈಯಿಂದ. ಆಕೆ ಮುಂದೆ ಆರ್ಯಿಕಾ ಸಂಘದ ನಾಯಕಿಯಾದಳು. ಈ ಕಥೆಯನ್ನು ಹೇಳುವವರು ಪಾರಣೆಯ ಮಹಿಮೆಯನ್ನು ವರ್ಣಿಸುವಷ್ಟು ಸಂಕಲೆಯನ್ನು ವರ್ಣಿಸುವುದಿಲ್ಲ.

ವರ್ತಕರಿಗೆ ಪರಿಚಿತವಾದ ಇನ್ನೊಂದು ಉಪಮೆಯಿದೆ. ಉಗ್ರಾಣಕ್ಕೆ ಬೆಂಕಿ ಬಿದ್ದರೆ ವ್ಯಾಪಾರಿ ಮೊದಲು ಕಟ್ಟಡವನ್ನು ಉಳಿಸಲು ಯತ್ನಿಸುತ್ತಾನೆ, ಆಗದಿದ್ದರೆ ಒಳಗಿನ ಸರಕನ್ನು ಉಳಿಸುತ್ತಾನೆ. ಹಾಗೆಯೇ ದೇಹ ಉಳಿಯದಾದಾಗ ಸಾಧಕನು ಗುಣಶೀಲಗಳನ್ನು ಉಳಿಸಿಕೊಳ್ಳುತ್ತಾನೆ ಎಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಸಲ್ಲೇಖನವನ್ನು ವಿವರಿಸಿದರು. ಡನ್‌ಬಾರ್ ತೊರೆಯಲ್ಲಿ ಆ ಉಪಮೆ ತಲೆಕೆಳಗಾಗುತ್ತದೆ. ಅಲ್ಲಿ ಮುಳುಗಿದ ದೇಹಗಳೇ ಇನ್ನೊಬ್ಬನ ಲೆಕ್ಕದಲ್ಲಿ ಸರಕು. ಒಡೆಯನ ಖಾತೆಯಲ್ಲಿ ಅದು ಪ್ರಾಣಹಾನಿಯಲ್ಲ, ತಲೆಗೆ 100 ಡಾಲರಿನಂತೆ ನಷ್ಟ. ಕೊಂಡವರ ಹೆಸರು, ಕೊಟ್ಟ ಬೆಲೆ ಇಂದಿಗೂ ಓದಲು ಸಿಗುತ್ತವೆ.

ಇದೆಲ್ಲ ಪರದೇಶದ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಜನರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರೂ ದಡವನ್ನು ನಿರಾಕರಿಸಿದವರೇ. ಅವರಿಗೆ ನೀರಿನ ಬದಲು ಕಾಡು ಸಿಕ್ಕಿತು. ಹಿಂದೂ ಸಿದ್ದಿಗಳ ಮನೆಯಲ್ಲಿ ‘ಹಿರಿಯರು’ ಎಂದು ಪೂರ್ವಜರಿಗೆ ಪೂಜೆ ನಡೆಯುತ್ತದೆ. ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಸೇಂಟ್ ಸೈಮನ್ಸ್ ದ್ವೀಪದಲ್ಲಿ ನೆನಪಿನ ಗತಿ ಇದಕ್ಕಿಂತ ಉತ್ತಮವೇನೂ ಆಗಿರಲಿಲ್ಲ. 1940ರ ದಶಕದಲ್ಲಿ, ಆಫ್ರಿಕ ಮೂಲದ ಸ್ಥಳೀಯರ ವಿರೋಧವಿದ್ದರೂ, ಆ ಜಾಗದ ಮಗ್ಗುಲಲ್ಲೇ ಕೊಳಚೆ ನೀರಿನ ಸ್ಥಾವರವನ್ನು ಕಟ್ಟಲಾಯಿತು. 2002ರಲ್ಲಿ ಅವರ ವಂಶಪರಂಪರೆಯನ್ನು ನೆನೆಯುವವರು ಹೈತಿ, ಬೆಲೀಜ್, ನೈಜೀರಿಯಾಗಳಿಂದಲೂ ಬಂದು ಸೇರಿ, ಆ ಸ್ಥಳವನ್ನು ಪವಿತ್ರ ಭೂಮಿಯೆಂದು ಸಾರಿ, ಮಡಿದವರ ಆತ್ಮಗಳಿಗೆ ಶಾಂತಿ ಕೋರಿದರು. ಸ್ಮಾರಕ ಫಲಕ ನಿಂತದ್ದು 2022ರಲ್ಲಿ, ಘಟನೆ ನಡೆದು 219 ವರ್ಷಗಳ ಮೇಲೆ. ನಿಷಿಧಿಯ ಶಾಸನಗಳಲ್ಲಿ ಸತ್ತವರ ಹೆಸರಿನೊಡನೆ ಕಲ್ಲು ನಿಲ್ಲಿಸಿದವರ ಹೆಸರೂ ಇರುವುದುಂಟು. ಇಲ್ಲಿ ಅದಕ್ಕಾಗಿ ಓಡಾಡಿದವರು ಅಲ್ಲಿಯ ಗ್ಲಿನ್ ಅಕಾಡೆಮಿ ಎಂಬ ಪ್ರೌಢಶಾಲೆಯ ವಿದ್ಯಾರ್ಥಿಗಳು.