ಕಾಣದ ನೋವಿಗೆ ಸಾಕ್ಷಿ ಯಾರು?

ಹಂಗಾರಕಟ್ಟೆಯ ಧಕ್ಕೆಯಲ್ಲಿ ಕೋಡಿಬೆಂಗ್ರೆಯ ಬಾರ್ಜಿಗೆ ಕಾದಿರುವ ಮಾಜಿ ಸೈನಿಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಕಾಲು ಕಳಕೊಂಡವನಾದರೆ ನಾವು ಎದ್ದು ಜಾಗ ಬಿಡುತ್ತೇವೆ. ಆತನಿಗಿರುವುದು ಎದೆಯುರಿ, ಹುಳಿತೇಗು. ಮಲಗಿದರೆ ಗಂಟಲಿಗೇರುವ ಜಠರದ ಆಮ್ಲ. 'ಗ್ಯಾಸ್ಟ್ರಿಕ್ ಯಾರಿಗಿಲ್ಲ?' ಎಂದು ನಕ್ಕುಬಿಡುತ್ತೇವೆ.

ಸೇನೆಯ ವೈದ್ಯಮಂಡಳಿ 'ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ' ಎಂದು ಬರೆದರೆ ಅಂಗವೈಕಲ್ಯ ಪಿಂಚಣಿ ತಪ್ಪುತ್ತದೆ. ಮತ್ತೆ ಮೇಲ್ಮನವಿ, ಅಲ್ಲೂ ಸೋತರೆ 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಹೊತ್ತುಗೊತ್ತಿಲ್ಲದ ಊಟ, ರಾತ್ರಿ ಕಾವಲು ಕಾರಣವಾಗಿರಬಹುದು, ಆಗದೆಯೂ ಇರಬಹುದು. (ಮನೆಯಲ್ಲೇ ಕುಳಿತು ಬಂಗುಡೆ ಸಾರು ಉಂಡವರಿಗೂ ಎದೆ ಉರಿಯುತ್ತದೆ.) ಹಾಗಾದರೆ ಈ ಸಂದೇಹದ ಭಾರ ಹೊರಬೇಕಾದವರು ಯಾರು?

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರಿಸಿತು. ಆತನದು ಮೂರ್ಛೆರೋಗ. ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು. ಸೇವೆಗೆ ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸರಕಾರದ್ದು ಎಂದಿತು.

ಸುಳ್ಳು ಹೇಳುವವರೂ ಇರುತ್ತಾರಲ್ಲ? ಇರಬಹುದು. ಆದರೆ ಪರೀಕ್ಷಿಸಿ ಸೇರಿಸಿಕೊಂಡದ್ದು ಸೇನೆಯೇ. ಆತ ಎಲ್ಲೆಲ್ಲಿ ದುಡಿದ, ಯಾವ ಆಸ್ಪತ್ರೆಯಲ್ಲಿ ಮಲಗಿದ ಎಂಬ ದಾಖಲೆಗಳಿರುವುದೂ ಅದರ ಕಪಾಟಿನಲ್ಲೇ. ಧಕ್ಕೆಯಲ್ಲಿ ನಿಂತವನ ಚೀಲದಲ್ಲಿರುವುದು ಒಂದು ಬಿಡುಗಡೆ ಪುಸ್ತಕ, ಮಾತ್ರೆಗಳ ಚೀಟಿ.