ಮಿಕ್ಕ ಭಾರ ಎಲ್ಲಿಗೆ ಹೋಗುತ್ತದೆ?

ಹಾಸ್ಟೆಲಿನ ಗೆಳೆಯರ ಜೊತೆ ರಾತ್ರಿ ಹೊತ್ತು ನಾನಾಡುವ ಆಟದ ಹೆಸರು 'ಟ್ರಾವೆಲರ್'. 1977ರಲ್ಲಿ ಅಮೆರಿಕದಲ್ಲಿ ಬಂದದ್ದು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕಾಗದ, ಪೆನ್ಸಿಲ್, ದಾಳ ಹಿಡಿದು ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುತ್ತೇವೆ. ಅಲ್ಲಿ ನೌಕೆಯನ್ನು ಟನ್ನಿನಲ್ಲಿ ಅಳೆಯುತ್ತಾರೆ. ಆದರೆ ಆ ಟನ್ ತೂಕವಲ್ಲ, ಜಾಗ: ಒಂದು ಟನ್ ದ್ರವ ಜಲಜನಕ ಹಿಡಿಸುವಷ್ಟು, ಅಂದಾಜು 14 ಘನ ಮೀಟರ್. ಹಾಗಾಗಿ ಹತ್ತಿ ತುಂಬಿದರೂ ಸೀಸ ತುಂಬಿದರೂ ನೌಕೆಯ ವೇಗ ಒಂದೇ. ಇದು ವಾಸ್ತವವೇ ಎಂದು ನಾವು ಎಷ್ಟೋ ಸಲ ಜಗಳವಾಡಿದ್ದೇವೆ.

ರಜೆಯಲ್ಲಿ ತಿ. ನರಸೀಪುರದ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ನಂಜನಗೂಡಿನ ಕಡೆ ಕಬ್ಬಿನ ಲಾರಿ ಓಡಿಸುತ್ತಾರೆ. ಎಲ್ಲ ಕೇಳಿಸಿಕೊಂಡು, "ನಿಮ್ಮಾಟದಲ್ಲಿ ರಸ್ತೆ ಹಾಳಾಗಕಿಲ್ವಾ ಮಗ?" ಅಂದರು.

ಅಂಕಿ ಸರಿಯಿದ್ದರೆ ನಿಯಮ ವಾಸ್ತವಕ್ಕೆ ಹತ್ತಿರ ಎಂದುಕೊಂಡಿದ್ದವನು ನಾನು. ನಮ್ಮ ದೇಶದ ಅಂಕಿಯನ್ನೇ ನೋಡಿ. ಮೂರು ಆಕ್ಸಲ್‌ನ ಲಾರಿ ಸರಕೂ ಸೇರಿ 25 ಟನ್ ಮೀರುವಂತಿರಲಿಲ್ಲ. 2018ರಲ್ಲಿ ಮಿತಿ 28.5 ಟನ್ ಆಯಿತು. ನಿನ್ನೆ ತಪ್ಪಾಗಿದ್ದ ಮೂರೂವರೆ ಟನ್ ಇಂದು ಹೊಸ ಲಾರಿಗೆ ಸರಿ. ಡಾಂಬರಿಗೆ ಮಾತ್ರ ಆದೇಶ ಓದಲು ಬರುವುದಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಆರಂಭವಾದ ರಸ್ತೆ ಪರೀಕ್ಷೆ ಒಂದು ಲೆಕ್ಕ ಕೊಟ್ಟಿತು: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಹದಿನಾರು ಪಟ್ಟು.

ಆಟದಲ್ಲಿ ಮಿತಿ ಮೀರಲು ಆಗುವುದೇ ಇಲ್ಲ; ಜಾಗ ತುಂಬಿದರೆ ಮುಗಿಯಿತು. ರಸ್ತೆಯಲ್ಲಿ ಮೀರಬಹುದು. ಮೀರಿದ ಭಾರ ಎಲ್ಲೋ ಹೋಗಿ ಕೂರುತ್ತದೆ: ಬ್ರೇಕಿನ ಮೇಲೆ, ಡಾಂಬರಿನ ಮೇಲೆ, ಕತ್ತಲಲ್ಲಿ ಗುಂಡಿ ತಪ್ಪಿಸಲು ಹೋಗಿ ಬೀಳುವ ಬೈಕಿನವನ ಮೇಲೆ. ದಂಡ ಕಟ್ಟಿದರೆ ಹಣ ಖಜಾನೆಗೆ ಹೋಗುತ್ತದೆ, ಬಿದ್ದವನ ಮೊಣಕಾಲಿಗಲ್ಲ.

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಸೇತುವೆಯಿದೆ. ಆಗ ಈ ನಾಡಿನಲ್ಲಿ ಯಾರೂ ರೈಲು ಕಂಡಿರಲಿಲ್ಲ. ಮುಂದೆ ಅದೇ ಸೇತುವೆಯ ಮೇಲೆ ನೂರಕ್ಕೂ ಹೆಚ್ಚು ವರ್ಷ ರೈಲು ಓಡಿತು. ಕಟ್ಟಿದವರು ತಮಗೆ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಕಟ್ಟಿದ್ದರು. ಆ ಹೆಚ್ಚಿನ ಗಟ್ಟಿತನ, ಮುಖ ಕಾಣದ ಜನರಿಗೆ ಅವರು ಬಿಟ್ಟುಹೋದ ಆಸ್ತಿ. ಮಿತಿ ಮೀರಿದ ಲಾರಿ ಖರ್ಚು ಮಾಡುವುದು ಇಂಥ ಆಸ್ತಿಯನ್ನೇ. "ಏನೂ ಆಗಲಿಲ್ಲವಲ್ಲ" ಎಂದು ನಾವು ಹೇಳುವುದೂ ಅದರ ಬಲದಿಂದಲೇ.

ಇಷ್ಟು ತಿಳಿದ ಮೇಲೆ ಅಪ್ಪನಿಗೆ ಬುದ್ಧಿ ಹೇಳುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ಬಾಡಿಗೆ ಟನ್ನಿನ ಲೆಕ್ಕ. ಡೀಸೆಲ್, ಲಾರಿಯ ಕಂತು ಕಳೆದರೆ ಉಳಿಯುವುದು ಕೊನೆಯ ಒಂದೆರಡು ಟನ್ನಿನ ದುಡ್ಡು. ನನ್ನ ಎಂ.ಎ. ಫೀಸು ಬಂದದ್ದು ಅದರಿಂದಲೇ. ಆ ಹೊರೆಯ ಮೇಲೆ ನಾನೂ ಕೂತಿದ್ದೆ. ಬಡತನ ಹೊರೆಯ ತೂಕ ಇಳಿಸುವುದಿಲ್ಲ. ಆದರೆ ತಪ್ಪು ಸ್ಟೇರಿಂಗ್ ಹಿಡಿದವನೊಬ್ಬನದೇ ಅಲ್ಲ ಎಂದು ತೋರಿಸುತ್ತದೆ. ಟನ್ನಿಗಿಷ್ಟು ಎಂದು ದರ ಕಟ್ಟಿದವರದೂ ಹೌದು, ಆ ದುಡ್ಡಿನಲ್ಲಿ ಓದಿದ ನನ್ನದೂ ಹೌದು.

ಹಾಸ್ಟೆಲಿಗೆ ಮರಳಿದ ಮೇಲೆ ಆಟಕ್ಕೊಂದು ಹೊಸ ನಿಯಮ ಸೂಚಿಸಿದೆ. ಬೇಕಾದಷ್ಟು ಸರಕು ತುಂಬಬಹುದು, ಆದರೆ ನೌಕೆ ಇಳಿಯುವ ನೆಲ ಸವೆಯುತ್ತದೆ. ಪೆಟ್ಟು ಮುಂದೆ ಅಲ್ಲಿ ಇಳಿಯುವ ನೌಕೆಗೆ. ಗೆಳೆಯರು ಒಪ್ಪಲಿಲ್ಲ. ಯಾರದೋ ನೌಕೆಯ ಲೆಕ್ಕ ನಾವ್ಯಾಕೆ ಇಡಬೇಕು ಎಂದರು.