ಅಪರಿಸ್ರಾವಿ: ಕೇಳಿದ್ದನ್ನು ಹೊರಬಿಡದವನು



ಪರ್ವದ ದಿನಗಳು ಮುಗಿಯುವಾಗ ನಾವೆಲ್ಲರೂ ಕೈಮುಗಿದು ಕ್ಷಮೆ ಬೇಡುತ್ತೇವೆ. ದಿಗಂಬರರಿಗೆ ಅದು ಕ್ಷಮಾವಾಣಿ, ಶ್ವೇತಾಂಬರರಿಗೆ ಸಂವತ್ಸರಿಯ ಕ್ಷಮಾಪನೆ. ಕನ್ನಡದವರು, ತೆಲುಗಿನವರು, ಮರಾಠಿಯವರು, ಮಾರವಾಡಿಯವರು ತಮ್ಮ ತಮ್ಮ ನುಡಿಯಲ್ಲಿ ಒಂದೇ ಮಾತನ್ನು ಆಡುತ್ತಾರೆ. ಆದರೆ ಕ್ಷಮೆಗೂ ಮೊದಲು ಆಗಬೇಕಾದ ಕಾರ್ಯವೊಂದಿದೆ. ಅದರ ಹೆಸರು ಆಲೋಚನೆ. ನಿತ್ಯದ ಕನ್ನಡದಲ್ಲಿ ಆಲೋಚನೆಯೆಂದರೆ ವಿಚಾರ ಮಾಡುವುದು. ಶಾಸ್ತ್ರದಲ್ಲಾದರೋ ತನ್ನ ಅಂತರಂಗದಲ್ಲಿರುವುದನ್ನು ಗುರುವಿನ ಮುಂದೆ ಮರೆಮಾಚದೆ ನಿವೇದಿಸುವುದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳನ್ನು ಹೇಳುವಾಗ ಇದನ್ನೇ ಮೊದಲು ಇರಿಸಿದೆ.

ಹೇಳಿಕೊಳ್ಳುವುದು ಸುಲಭವೇ? ಅಲ್ಲವೆಂಬುದನ್ನು ನಮ್ಮ ಪೂರ್ವಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಪ್ರಾಕೃತದ ಭಗವತೀ ಆರಾಧನೆಯಲ್ಲಿ (ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಹಿನ್ನೆಲೆಯಲ್ಲಿರುವುದು ಈ ಗ್ರಂಥವೇ) ಆಲೋಚನೆಯ ಹತ್ತು ದೋಷಗಳ ವಿವರಣೆಯಿದೆ. ಗುರುವಿನ ಸೇವೆ ಮಾಡಿ, ಅವರ ಕರುಣೆ ಗಳಿಸಿಕೊಂಡು ಹೇಳುವುದು ಆಕಂಪಿತ. ಅನ್ಯರು ಕಂಡದ್ದನ್ನು ಮಾತ್ರ ಒಪ್ಪಿಕೊಳ್ಳುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ನುಂಗಿಕೊಳ್ಳುವುದು ಸೂಕ್ಷ್ಮ. ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳಿ ಮುಗಿಸುವುದು ಶಬ್ದಾಕುಲಿತ. ‘ಯಾರಾದರೂ ಹೀಗೆ ಮಾಡಿದರೆ ಏನು ಪ್ರಾಯಶ್ಚಿತ್ತ?’ ಎಂದು ತನ್ನದನ್ನು ಮತ್ತೊಬ್ಬರದೆಂಬಂತೆ ಕೇಳುವುದು ಛನ್ನ. ಉಳಿದವನ್ನು ಬಲ್ಲವರಿಂದ ತಿಳಿಯಬಹುದು. ಇವು ಮುನಿಗಳಿಗೆಂದು ಹೇಳಿದ ದೋಷಗಳು. ಆದರೂ ಓದುವಾಗ ನಮ್ಮ ನಮ್ಮ ಮನೆಗಳ ನೆನಪಾಗದೆ ಇರದು.

ನನಗೆ ನೆನಪಾಗುವುದು ಒಬ್ಬ ತಾಯಿ. ಕೆಲವು ವರ್ಷಗಳ ಹಿಂದೆ ಸ್ವಾಧ್ಯಾಯ ಮುಗಿದ ಮೇಲೆ ಬಂದು, “ನಮ್ಮ ಸಂಬಂಧಿಕರ ಹುಡುಗನೊಬ್ಬ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ರಾತ್ರಿಯೆಲ್ಲ ಎಚ್ಚರವಾಗಿರುತ್ತಾನೆ, ಯಾವ ಪಾಠ ಓದಿಸಬೇಕು?” ಎಂದು ಕೇಳಿದರು. ಮೂರನೆಯ ದಿನ ಮತ್ತೆ ಬಂದರು. ಆ ಹುಡುಗ ಅವರ ಮಗನೇ. ಮುಂದೆ ನಡೆದುದರಲ್ಲಿ ದೋಷ ನನ್ನದು. ಒಳ್ಳೆಯ ವೈದ್ಯರನ್ನು ಹುಡುಕಲು ನೆರವಾದೀತೆಂದು ಸಮಾಜದ ಹಿರಿಯರೊಬ್ಬರಿಗೆ ಈ ವಿಷಯ ತಿಳಿಸಿದೆ. ಎಂಟು ದಿನಗಳಲ್ಲಿ ಊರೆಲ್ಲ ಮಾತು. ಈ ಕಡೆ ತೆಲುಗಿನಲ್ಲಿ ‘ಎರ್ರಗಡ್ಡ’ ಎಂದರೆ ಸಾಕು, ಆ ಕಡೆ ಕನ್ನಡದಲ್ಲಿ ‘ಧಾರವಾಡ’ ಎಂದರೆ ಸಾಕು. ಎರಡು ಊರುಗಳ ಆಸ್ಪತ್ರೆಗಳನ್ನು ನಾವು ಬೈಗುಳವಾಗಿಸಿಕೊಂಡಿದ್ದೇವೆ. ಆ ಮನೆಯ ಬಾಗಿಲು ಮುಚ್ಚಿತು. ಚಿಕಿತ್ಸೆ ಎಷ್ಟೋ ತಿಂಗಳು ತಡವಾಯಿತು. (ಆ ಕುಟುಂಬದ ಅನುಮತಿ ಪಡೆದು, ಗುರುತು ಸಿಗದಂತೆ ಇದನ್ನು ಬರೆದಿದ್ದೇನೆ.)

ಅದೇ ಗ್ರಂಥದಲ್ಲಿ ಆಲೋಚನೆ ಕೇಳುವ ಆಚಾರ್ಯನ ಎಂಟು ಗುಣಗಳೂ ಇವೆ. ಅವುಗಳಲ್ಲೊಂದು ಅಪರಿಸ್ರಾವಿತ್ವ, ಎಂದರೆ ಸೋರದಿರುವಿಕೆ. ಕಾದ ಕಬ್ಬಿಣ ಹೀರಿಕೊಂಡ ನೀರು ಹೇಗೆ ಮರಳಿ ಹೊರಬರುವುದಿಲ್ಲವೋ ಹಾಗೆ ಶಿಷ್ಯನ ಮಾತು ಗುರುವಿನಲ್ಲಿ ಅಡಗಬೇಕು. ಬಚ್ಚಿಟ್ಟದ್ದನ್ನು ದೃಢತೆಯಿಂದ ಹೊರತೆಗೆಯುವವನು ಅವಪೀಡಕ. ಕಳವಳಗೊಂಡವನನ್ನು ತಂಪಾಗಿಸುವವನು ನಿರ್ವಾಪಕ. ಮೂರೂ ಒಬ್ಬನಲ್ಲೇ ಇರಬೇಕು. ಇಂದಿನ ಮನೋವೈದ್ಯರಿಗೂ ಆಪ್ತಸಮಾಲೋಚಕರಿಗೂ ಬೇಕಾದವು ಇವೇ ಅಲ್ಲವೇ? ರೋಗಿಯ ವಿಷಯ ಗೌಪ್ಯವಾಗಿರಬೇಕೆಂಬುದು ನಮ್ಮ ದೇಶದಲ್ಲಿ ಈಗ ಸೌಜನ್ಯ ಮಾತ್ರವಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಕಲಮು ಅದನ್ನು ಹಕ್ಕಾಗಿಸಿದೆ.

ಪಾಶ್ಚಾತ್ಯ ಮನಃಶಾಸ್ತ್ರದಲ್ಲಿ ಮತಗಳು ಹಲವು. ಫ್ರಾಯ್ಡ್ ಅದುಮಿಟ್ಟ ಬಯಕೆಗಳ ಕಡೆಗೆ ನೋಡಿದರು, ಆರನ್ ಬೆಕ್ ತಪ್ಪಾಗಿ ರೂಢಿಯಾದ ವಿಚಾರಗಳ ಕಡೆಗೆ, ಕಾರ್ಲ್ ರೋಜರ್ಸ್ ಷರತ್ತಿಲ್ಲದ ಸ್ವೀಕಾರದ ಕಡೆಗೆ. ಅನೇಕಾಂತದಲ್ಲಿ ಬೆಳೆದ ನಮಗೆ ಇವನ್ನು ಒಂದೊಂದು ನಯವೆಂದು ತಿಳಿಯುವುದು ಕಷ್ಟವಲ್ಲ. ಅಮೆರಿಕದ ಜೆರೋಮ್ ಫ್ರ್ಯಾಂಕ್ ಎಂಬ ಮನೋವೈದ್ಯರು 1961ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಮತ ಯಾವುದೇ ಇರಲಿ, ನಂಬಿ ಹೇಳಿಕೊಳ್ಳಬಹುದಾದ ಒಬ್ಬ ವ್ಯಕ್ತಿ, ಭಯವಿಲ್ಲದ ಒಂದು ಸ್ಥಳ, ನೋವಿಗೆ ಒಂದು ವಿವರಣೆ, ಇಬ್ಬರೂ ಕೂಡಿ ನಡೆಸುವ ಒಂದು ವಿಧಿ, ಇವು ಎಲ್ಲ ಚಿಕಿತ್ಸೆಗಳಿಗೂ ಸಮಾನವೆಂದರು. ಮನುಷ್ಯನನ್ನು ಕೆಡಿಸುವುದೂ ಜನ, ಗುಣಪಡಿಸುವುದೂ ಜನ.

ಜನದ ಒತ್ತಡ ಎಷ್ಟು ಬಲವಾದುದೆಂಬುದನ್ನು ಸೋಲೊಮನ್ ಆಶ್ 1950ರ ದಶಕದ ಆರಂಭದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಗೆರೆಗಳ ಉದ್ದವನ್ನು ಹೋಲಿಸುವ ಸುಲಭದ ಕೆಲಸ. ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಗೊತ್ತುಮಾಡಿಕೊಂಡಂತೆ ತಪ್ಪು ಹೇಳಿದಾಗ, ಕಣ್ಣಿಗೆ ಕಾಣುವುದನ್ನು ಬಿಟ್ಟು ಅವರಂತೆಯೇ ಹೇಳಿದ ಉತ್ತರಗಳು ಸುಮಾರು ಮೂರರಲ್ಲೊಂದು ಭಾಗ. ಆದರೆ ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರ ದೊರೆತಾಗ ತಪ್ಪುಗಳು ಬಹಳಷ್ಟು ಇಳಿದವು. ‘ನಾಲ್ಕು ಜನ ಏನೆನ್ನುತ್ತಾರೆ’ ಎಂದು ಹೆದರುವ ಮನೆಗೆ ಊರೆಲ್ಲ ಬದಲಾಗುವ ಅಗತ್ಯವಿಲ್ಲ. ಬಾಯಿ ಸೋರದ ಒಬ್ಬರು ಬೇಕು.

ಇಲ್ಲಿ ಒಂದು ಎಚ್ಚರಿಕೆ. ಆಲೋಚನೆ ದೋಷಕ್ಕೆ, ರೋಗವು ದೋಷವಲ್ಲ. ಅಸಾತಾ ವೇದನೀಯದ ಉದಯವೆಂದು ಜ್ವರಕ್ಕೆ ಔಷಧ ನಿಲ್ಲಿಸುತ್ತೇವೆಯೇ? ವೈದ್ಯನೂ ಔಷಧವೂ ನಿಮಿತ್ತಗಳು. ಖಿನ್ನತೆಯಿಂದ ಬಳಲುವವರಿಗೆ ‘ಉಪವಾಸ ಮಾಡು, ಸರಿಹೋಗುತ್ತದೆ’ ಎಂದು ಹೇಳುವವರಿದ್ದಾರೆ. ಅವರು ತಿಳಿದಿರಬೇಕಾದ ಸಂಗತಿ: ಲಿಥಿಯಂ ಎಂಬ ಔಷಧ ಸೇವಿಸುವವರು ನೀರು ಬಿಟ್ಟರೆ ಅದರ ಪ್ರಮಾಣ ರಕ್ತದಲ್ಲಿ ಏರಿ ವಿಷವಾಗಬಹುದು. ವೈದ್ಯರನ್ನು ಕೇಳದೆ ಅಂತಹವರಿಂದ ನಿರ್ಜಲ ಉಪವಾಸದ ಪ್ರತ್ಯಾಖ್ಯಾನ ಮಾಡಿಸಬಾರದು. ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಮಂದಿಯಲ್ಲಿ ಸೂತ್ರಕಾರರು ಗ್ಲಾನನನ್ನು, ಅಂದರೆ ರೋಗಪೀಡಿತನನ್ನು, ಹೆಸರಿಸಿದ್ದಾರೆ. ದೇಹದ ರೋಗಿ ಎಂದು ಮಾತ್ರ ಸೂತ್ರದಲ್ಲಿ ಹೇಳಿಲ್ಲ.

ದಾಮರಗಿದ್ದ, ಮಖ್ತಲ್, ಕೃಷ್ಣಾ ಮೊದಲಾದ ನಮ್ಮ ಗಡಿಸೀಮೆಗೆ ಇನ್ನೊಂದು ತೊಡಕಿದೆ. 1956ರವರೆಗೆ ಗುಲ್ಬರ್ಗ, ರಾಯಚೂರುಗಳೊಡನೆ ಒಂದೇ ರಾಜ್ಯದಲ್ಲಿದ್ದ ಸೀಮೆ ಇದು. ಅಜ್ಜಿಯ ನುಡಿ ಕನ್ನಡ, ಮೊಮ್ಮಗನ ಶಾಲೆ ತೆಲುಗು, ವೈದ್ಯರ ಚೀಟಿ ಇಂಗ್ಲಿಷು. ಹೈದರಾಬಾದಿನ ಆಸ್ಪತ್ರೆಯಲ್ಲಿ ಅಜ್ಜಿಯ ಮಾತನ್ನು ವೈದ್ಯರಿಗೆ ತೆಲುಗಿನಲ್ಲಿ ತಿಳಿಸುವವಳು ಸೊಸೆ. ಸೊಸೆಯ ವಿಷಯದಲ್ಲೇ ಅಜ್ಜಿಗೆ ನೋವಿದ್ದರೆ ಅವಳು ಬಾಯಿ ಬಿಡುವುದು ಹೇಗೆ? ಮಗನ ಗುಟ್ಟನ್ನು ತಂದೆ ಅನುವಾದಿಸಿದರೆ ಅದು ಗುಟ್ಟಾಗಿ ಉಳಿದೀತೇ? ಮಹಾಕವಿ ಪಂಪನ ಸೋದರ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದನು. ಓದುವವನ ನುಡಿಗೆ ಆತ ಕೊಟ್ಟ ಗೌರವ ಅದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ಟೆಲಿ-ಮಾನಸ್ ದೂರವಾಣಿಯಲ್ಲಿ (ಸಂಖ್ಯೆ 14416) ಹಗಲಿರುಳು, ಉಚಿತವಾಗಿ, ಕನ್ನಡ, ತೆಲುಗು, ಹಿಂದಿ ಮುಂತಾದ ನುಡಿಗಳಲ್ಲಿ ಮಾತನಾಡಬಹುದು. ನಡುವೆ ಅನುವಾದಕರು ಬೇಕಿಲ್ಲ.

ಆ ಹುಡುಗ ಈಗ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾನೆ, ಔಷಧ ಮುಂದುವರಿದಿದೆ. ಹೋದ ವರ್ಷ ಕ್ಷಮಾವಾಣಿಯ ದಿನ ತಾಯಿಯೊಡನೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದನು. ನಾನು ಹೋಗಿ, ಅವನಿಗೆ ಸುಲಭವಾದ ತೆಲುಗಿನಲ್ಲಿ, ನನ್ನ ತಪ್ಪನ್ನು ಹೇಳಿದೆ. ಆಕಂಪಿತವೂ ಛನ್ನವೂ ಆಗದಂತೆ ಹೇಳಲು ಪ್ರಯತ್ನಿಸಿದೆ. ಅವನು ಕೆಲಹೊತ್ತು ಸುಮ್ಮನಿದ್ದು, ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟನು.